ಗೆಳೆಯರೊಂದಿಗೆ ಕನ್ನಡ ಸ್ಟ್ಯಾಂಡ್‌ಅಪ್ ನೋಡಲು ಹೊರಟಿದ್ದೇವೆ: ಎಲ್ಲಿ ಕೂರಬೇಕು, ಏನು ನಿರೀಕ್ಷಿಸಬೇಕು?

ಬೆಣ್ಣೆದೋಸೆ (ಪ್ರಶ್ನೆ):

ನಾವು ಐವರು ದಾವಣಗೆರೆಯ ಒಂದೇ ಪಿಯು ಕಾಲೇಜಿನಲ್ಲಿ ಓದಿದವರು. ಮೂವರು ಈಗ ಬೆಂಗಳೂರಿನಲ್ಲಿದ್ದೇವೆ, ಒಬ್ಬ ಊರಿನಲ್ಲೇ ಗ್ಯಾರೇಜ್ ನಡೆಸುತ್ತಿದ್ದಾನೆ, ಇನ್ನೊಬ್ಬ ರಾಣೆಬೆನ್ನೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಮುಂದಿನ ತಿಂಗಳ ಎರಡನೇ ಶನಿವಾರ ಎಲ್ಲರೂ ಬೆಂಗಳೂರಿನಲ್ಲಿ ಸೇರುವುದೆಂದು ನಿಶ್ಚಯವಾಗಿದ್ದು, ಈ ಸಲ ಸಿನಿಮಾ ಬೇಡ, ಕನ್ನಡ ಸ್ಟ್ಯಾಂಡ್‌ಅಪ್ ಕಾಮಿಡಿಯನ್ನು ಕಣ್ಣೆದುರೇ ನೋಡೋಣ ಎಂದು ತೀರ್ಮಾನಿಸಿದ್ದೇವೆ. ನಮಗೆಲ್ಲ ಪರಿಚಯವಿರುವುದು ಹಾಸ್ಯಸಂಜೆ, ನಗೆಹಬ್ಬಗಳು ಮಾತ್ರ. ಗಣಪತಿ ಪೆಂಡಾಲಿನಲ್ಲಿ ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ಸುಧಾ ಬರಗೂರು ಅವರನ್ನು ಕೇಳುತ್ತ ಬೆಳೆದವರು ನಾವು. ಸ್ಟ್ಯಾಂಡ್‌ಅಪ್ ಅನ್ನು ಮೊಬೈಲಿನಲ್ಲಿ ತುಣುಕು ತುಣುಕಾಗಿ ನೋಡಿದ್ದೇವೆಯೇ ಹೊರತು ಒಂದು ಪೂರ್ಣ ಪ್ರದರ್ಶನಕ್ಕೆ ಹೋಗಿಲ್ಲ.

ನನ್ನ ಮುಖ್ಯ ಚಿಂತೆ ಮೇಷ್ಟ್ರದ್ದು. ಅವನು ನಗುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅಪರಿಚಿತರ ನಡುವೆ ಬಾಯಿ ಬಿಡುವವನಲ್ಲ. ನಾವು ನೋಡಿದ ತುಣುಕುಗಳಲ್ಲೆಲ್ಲ ಕಲಾವಿದರು ಮುಂದಿನ ಸಾಲಿನಲ್ಲಿ ಕೂತವರನ್ನು ಮಾತನಾಡಿಸಿ, ಅವರ ಕೆಲಸ, ಊರು, ಮಾತಿನ ಧಾಟಿ ಎಲ್ಲವನ್ನೂ ನಗೆಗೆ ಈಡು ಮಾಡುತ್ತಾರೆ. "ನಗಾಕ ಬರ್ತೀನಿ, ನಗಿಪಾಟ್ಲಾಗಾಕ ಬರಂಗಿಲ್ಲ" ಎಂದು ಅವನು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಗ್ಯಾರೇಜಿನವನದು ಇದಕ್ಕೆ ತದ್ವಿರುದ್ಧ. ಕಲಾವಿದನಿಗೇ ತಿರುಗಿ ಜೋಕು ಹೊಡೆಯಬೇಕೆಂದು ಈಗಿನಿಂದಲೇ ತಯಾರಿ ನಡೆಸಿದ್ದಾನೆ. ಇವರಿಬ್ಬರನ್ನೂ ಎಲ್ಲಿ ಕೂರಿಸಬೇಕು? ಟಿಕೆಟ್ ತೆಗೆದುಕೊಳ್ಳುವಾಗ ಏನನ್ನು ಗಮನಿಸಬೇಕು? ನಮ್ಮಲ್ಲೊಬ್ಬ ತನ್ನ ಹದಿನಾಲ್ಕು ವರ್ಷದ ಮಗನನ್ನೂ ಕರೆತರುತ್ತೇನೆ ಎನ್ನುತ್ತಿದ್ದಾನೆ, ಅದು ಸರಿಹೋಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಕೊನೆಯಸಾಲು:

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ. ಬುಕ್‌ಮೈಶೋದಂಥ ಕಡೆ ಪ್ರತಿ ಪ್ರದರ್ಶನದ ಕೆಳಗೆ ಭಾಷೆ, ಅವಧಿ, ವಯಸ್ಸಿನ ಮಿತಿ ಮೂರನ್ನೂ ನಮೂದಿಸಿರುತ್ತಾರೆ. ಭಾಷೆಯ ಜಾಗದಲ್ಲಿ ಕನ್ನಡವೊಂದೇ ಇದ್ದರೆ ನಿಶ್ಚಿಂತೆಯಿಂದ ತೆಗೆದುಕೊಳ್ಳಿ. ಇಂಗ್ಲಿಷ್, ಹಿಂದಿ, ಕನ್ನಡ ಎಂದು ಮೂರೂ ಒಟ್ಟಿಗಿದ್ದರೆ ಅದು ಬಹುತೇಕ ನಾಲ್ಕೈದು ಜನ ಸರದಿಯಲ್ಲಿ ಬಂದುಹೋಗುವ ಕಾರ್ಯಕ್ರಮವಾಗಿದ್ದು, ಕನ್ನಡ ಕೇಳಿಸುವುದು ಊಟದೆಲೆಯ ಉಪ್ಪಿನಕಾಯಿಯಷ್ಟೇ. ಲೋಲ್‌ಬಾಗ್ ತಂಡದವರು, ಸೋನು ವೇಣುಗೋಪಾಲ್ ಮುಂತಾದವರು ಕನ್ನಡದಲ್ಲೇ ಪೂರ್ಣ ಪ್ರದರ್ಶನ ಕೊಡುವವರಾದ್ದರಿಂದ ಮೊದಲ ಸಲ ಹೋಗುವವರಿಗೆ ಅಂಥವರ ಕಾರ್ಯಕ್ರಮವೇ ಒಳ್ಳೆಯದು. ಹುಡುಗನನ್ನು ಕರೆತರಬೇಡಿ. ಹೆಚ್ಚಿನ ಪ್ರದರ್ಶನಗಳಿಗೆ 16 ಅಥವಾ 18 ವರ್ಷದ ಮಿತಿ ಇರುತ್ತದೆ. ಮಿತಿ ಇಲ್ಲದ ಕಡೆಯೂ ಅಪ್ಪನ ಪಕ್ಕ ಕೂತು ಕೆಲವು ಜೋಕುಗಳಿಗೆ ನಗಬೇಕೋ ಬೇಡವೋ ತಿಳಿಯದೆ ಒದ್ದಾಡುವ ಆ ಹುಡುಗನನ್ನು ನೋಡಿ ನೀವೂ ನಗಲಾರಿರಿ.

ಇನ್ನು ಆಸನ. ದೊಡ್ಡ ಸಭಾಂಗಣಗಳಲ್ಲಿ ಆಸನಕ್ಕೆ ಸಂಖ್ಯೆ ಇರುತ್ತದೆ, ಅಲ್ಲಿ ಚಿಂತೆಯಿಲ್ಲ. ಆದರೆ ಇಂದಿರಾನಗರ, ಕೋರಮಂಗಲ, ಜೆ.ಪಿ. ನಗರದ ಕಡೆಯ ಸಣ್ಣ ಕಾಮಿಡಿ ಕೋಣೆಗಳಲ್ಲಿ ಕುರ್ಚಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೊದಲು ಬಂದವರಿಗೆ ಮೊದಲು ಜಾಗ ಎನ್ನುತ್ತಾರೆ. ತಮಾಷೆಯೆಂದರೆ ಮೊದಲು ಬಂದವರು ಯಾರೂ ಮೊದಲ ಸಾಲಿಗೆ ಹೋಗುವುದಿಲ್ಲ. ಎಲ್ಲರೂ ಮೂರನೆಯ ಸಾಲಿನಿಂದ ಹಿಂದಕ್ಕೆ ತುಂಬಿಕೊಳ್ಳುತ್ತಾರೆ. ವೇದಿಕೆಗೂ ಜನಕ್ಕೂ ನಡುವೆ ಖಾಲಿ ಜಾಗವಿದ್ದರೆ ನಗು ಹತ್ತಿಕೊಳ್ಳುವುದಿಲ್ಲವೆಂದು ವ್ಯವಸ್ಥಾಪಕರು ತಡವಾಗಿ ಬಂದವರನ್ನೆಲ್ಲ ಕೈಹಿಡಿದು ಮುಂದೆ ಕೂರಿಸುತ್ತಾರೆ. ನಾಟಕಮಂದಿರವಾದ ರಂಗಶಂಕರದಲ್ಲಾದರೆ ಸಮಯ ಮೀರಿ ಬಂದವರಿಗೆ ಬಾಗಿಲೇ ತೆರೆಯುವುದಿಲ್ಲ. ಇಲ್ಲಿ ಬಾಗಿಲು ತೆರೆಯುತ್ತದೆ, ಆದರೆ ನೀವು ಕುರ್ಚಿ ಹುಡುಕುತ್ತ ಬಗ್ಗಿ ನಡೆಯುವಾಗ ಮೈಕಿನವನು ಸುಮ್ಮನಿರುವುದಿಲ್ಲ. ಐದು ಜನ ಒಟ್ಟಿಗೆ ತಡವಾಗಿ ಹೋದರೆ ಮೊದಲ ಸಾಲು ಖಚಿತವೆಂದೇ ತಿಳಿಯಿರಿ. ಅರ್ಧ ಗಂಟೆ ಮೊದಲೇ ಹೋಗಿ ನಾಲ್ಕನೆಯ ಸಾಲು ಹಿಡಿದು, ಮೇಷ್ಟ್ರನ್ನು ಗೋಡೆಯ ಕಡೆಗೂ ಗ್ಯಾರೇಜಿನವರನ್ನು ಓಡಾಡುವ ದಾರಿಯ ಕಡೆಗೂ ಕೂರಿಸಿ.

ಒಬ್ಬರದೇ ಪ್ರದರ್ಶನವಾದರೂ ಮೊದಲು ಒಬ್ಬ ನಿರೂಪಕರೋ ಹೊಸ ಕಲಾವಿದರೋ ಹತ್ತು ಹದಿನೈದು ನಿಮಿಷ ಬಂದು ಜನರನ್ನು ಹದಕ್ಕೆ ತರುತ್ತಾರೆ. ಯಾವ ಊರು, ಏನು ಕೆಲಸ, ಮದುವೆಯಾಗಿದೆಯೇ ಎಂಬ ವಿಚಾರಣೆ ಹೆಚ್ಚಾಗಿ ನಡೆಯುವುದು ಆಗಲೇ. ಅದು ದಾಟಿದರೆ ಉಳಿದದ್ದನ್ನು ನಿಮ್ಮ ಮೇಷ್ಟ್ರು ಕಾಲು ಚಾಚಿಕೊಂಡು ನೋಡಬಹುದು, ಚಾಚುವಷ್ಟು ಜಾಗವಿದ್ದರೆ.

ಐದುನಿಮಿಷ:

ನಾನು ಹಗಲು ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು, ವಾರದಲ್ಲೆರಡು ಸಂಜೆ ಓಪನ್ ಮೈಕ್‌ಗಳಲ್ಲಿ, ಅಂದರೆ ಹೊಸಬರೂ ಸರದಿಯಲ್ಲಿ ವೇದಿಕೆ ಏರಿ ತಮ್ಮ ಜೋಕುಗಳನ್ನು ಪರೀಕ್ಷಿಸಿಕೊಳ್ಳುವ ಕಾರ್ಯಕ್ರಮಗಳಲ್ಲಿ, ಐದೈದು ನಿಮಿಷ ಮಾತನಾಡುವವನು. ಮೈಕಿನ ಹಿಂದಿನಿಂದ ನೋಡಿದರೆ ನಿಮ್ಮ ಚಿಂತೆ ಅರ್ಧದಷ್ಟು ಕಡಿಮೆಯಾದೀತು. ವೇದಿಕೆಯ ದೀಪ ನೇರವಾಗಿ ಕಣ್ಣಿಗೆ ಹೊಡೆಯುವುದರಿಂದ ನಮಗೆ ಮುಖ ಕಾಣಿಸುವುದು ಮೊದಲ ಎರಡು ಸಾಲಿನವರದು ಮಾತ್ರ. ಅದರಾಚೆ ಇರುವುದು ಕತ್ತಲೆ ಮತ್ತು ಆ ಕತ್ತಲೆಯೊಳಗಿಂದ ಬರುವ ನಗು, ಅಥವಾ ಬಾರದ ನಗು. ಎಲ್ಲಕ್ಕಿಂತ ಹಿಂದೆ ಒಬ್ಬರು ನಿಂತು, ಇನ್ನೊಂದೇ ನಿಮಿಷ ಉಳಿದಿದೆ ಎಂದು ತಿಳಿಸಲು ಮೊಬೈಲಿನ ಟಾರ್ಚನ್ನೋ ಕೆಂಪು ದೀಪವನ್ನೋ ತೋರಿಸುತ್ತಾರೆ, ಅದೊಂದು ಕಾಣುತ್ತದೆ. ಹೀಗಾಗಿ ನಾಲ್ಕನೆಯ ಸಾಲಿನ ಗೋಡೆಯ ಪಕ್ಕದಲ್ಲಿ ಮೌನವಾಗಿ ಕೂತವರನ್ನು ಹುಡುಕಿ ಹಿಡಿಯುವುದು ನಮ್ಮಿಂದಾಗದ ಕೆಲಸ.

ನೀವು ಮೊಬೈಲಿನಲ್ಲಿ ನೋಡಿದ್ದೆಲ್ಲ ಪ್ರೇಕ್ಷಕರನ್ನು ಕೆಣಕುವ ತುಣುಕುಗಳೇ ಆಗಿರುವುದಕ್ಕೂ ಕಾರಣವಿದೆ. ಕಲಾವಿದನೊಬ್ಬ ತಿಂಗಳುಗಟ್ಟಲೆ ಬರೆದು ತಿದ್ದಿದ ಒಂದು ಗಂಟೆಯ ಮಾತನ್ನು ಊರೂರಿಗೆ ಹೋಗಿ ಟಿಕೆಟ್ ಇಟ್ಟು ಹೇಳಬೇಕು. ಅದನ್ನೇ ಇನ್‌ಸ್ಟಾಗ್ರಾಂನಲ್ಲಿ ಹಾಕಿಬಿಟ್ಟರೆ ಮುಂದಿನ ಊರಿನಲ್ಲಿ ಜೋಕು ಆರಂಭವಾಗುವ ಮೊದಲೇ ಮೂರನೆಯ ಸಾಲಿನಿಂದ ಯಾರಾದರೂ ಅದರ ಕೊನೆಯನ್ನು ಹೇಳಿರುತ್ತಾರೆ. ಪ್ರೇಕ್ಷಕರೊಂದಿಗೆ ಅಂದೇ ಹುಟ್ಟಿ ಅಂದೇ ಮುಗಿಯುವ ಮಾತುಕತೆಯನ್ನು ಹಂಚಿಕೊಂಡರೆ ಆ ನಷ್ಟವಿಲ್ಲ. ಆದ್ದರಿಂದ ಪ್ರದರ್ಶನದಲ್ಲಿ ಹತ್ತು ನಿಮಿಷವಷ್ಟೇ ಇರುವ ಭಾಗ ಮೊಬೈಲಿನಲ್ಲಿ ಇಡೀ ಪ್ರದರ್ಶನವೆಂಬಂತೆ ಕಾಣುತ್ತದೆ. ಫೋನಿನಲ್ಲಿ ಚಿತ್ರೀಕರಿಸಬೇಡಿ ಎಂದು ನಾವು ಬೇಡಿಕೊಳ್ಳುವುದೂ ಇದಕ್ಕೇ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಇನ್ನೂ ಬೇಯದ ಸಾಲುಗಳು ಹೊರಗೆ ಹೋಗದಿರಲಿ ಎಂಬ ಆಸೆಯಷ್ಟೇ.

ಬೇಯುವುದೆಂದರೆ ಏನೆಂದು ನನ್ನದೇ ಒಂದು ಸಾಲಿನಿಂದ ಹೇಳುತ್ತೇನೆ. ಲಗ್ನಪತ್ರಿಕೆಯಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿದ ಮನೆಯವರ ಬಗ್ಗೆ ಒಂದು ಜೋಕು ಬರೆದಿದ್ದೆ. ಮೊದಲು ಅದು ಹೀಗಿತ್ತು: "ಒಳಗೆ ಹೋದರೆ ಮುಯ್ಯಿ ಪುಸ್ತಕ ಹಿಡಿದುಕೊಂಡು ಅವರ ಚಿಕ್ಕಪ್ಪ ಸ್ಟೇಜ್ ಪಕ್ಕದಲ್ಲಿ ಕೂತಿರ್ತಾರೆ." ಯಾರೂ ನಗಲಿಲ್ಲ. ನಮ್ಮ ವಾಕ್ಯ ಸಹಜವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಗಿಸಬೇಕಾದ ಮಾತು ನಡುವೆಯೇ ಹೊರಬಿದ್ದು, ಆಮೇಲೆ ಬರುವ "ಕೂತಿರ್ತಾರೆ" ಅದನ್ನು ಮುಚ್ಚಿಹಾಕುತ್ತದೆ. ನಾಲ್ಕಾರು ವಾರ ಹಿಂದೆ ಮುಂದೆ ಮಾಡಿದ ಮೇಲೆ "ಒಳಗೆ ಹೋದರೆ ಸ್ಟೇಜ್ ಪಕ್ಕ ಕೂತಿರ್ತಾರೆ ಅವರ ಚಿಕ್ಕಪ್ಪ, ಕಿವಿ ಮೇಲೆ ಪೆನ್ನು, ಕೈಯಲ್ಲಿ ಮುಯ್ಯಿ ಪುಸ್ತಕ" ಎಂದಾಯಿತು. ಈಗ ನಗುತ್ತಾರೆ. ನೀವು ಟಿಕೆಟ್ ಕೊಟ್ಟು ನೋಡುವ ಒಂದು ಗಂಟೆಯಲ್ಲಿ ಇಂಥ ನೂರಾರು ತಿದ್ದುಪಡಿಗಳು ಅಡಗಿರುತ್ತವೆ.

ಅಕಸ್ಮಾತ್ ಮೇಷ್ಟ್ರನ್ನು ಮಾತನಾಡಿಸಿದರೂ ನಿಜವಾದ ಉತ್ತರವನ್ನು ಚಿಕ್ಕದಾಗಿ ಹೇಳಲಿ, ಸಾಕು. ಬೇಡವೇ ಬೇಡವೆನಿಸಿದರೆ ಒಳಗೆ ಹೋಗುವಾಗ ಬಾಗಿಲಲ್ಲಿರುವವರಿಗೆ ಒಂದು ಮಾತು ತಿಳಿಸಿ, ಬಹುತೇಕ ನಿರೂಪಕರು ಅದನ್ನು ಗೌರವಿಸುತ್ತಾರೆ. ನನ್ನ ಭಯವಿರುವುದು ನಿಮ್ಮ ಗ್ಯಾರೇಜಿನ ಗೆಳೆಯರ ಬಗ್ಗೆ. ತಯಾರಿ ಮಾಡಿಕೊಂಡು ಬಂದ ಜೋಕನ್ನು ಪ್ರೇಕ್ಷಕರು ಕೂಗಿ ಹೇಳಿದಾಗ ಗೆಲ್ಲುವುದು ಮೈಕ್ ಇರುವವನೇ, ಸೋಲುವುದು ಆ ಸಂಜೆಯ ಓಟ.

ಕಲಾಕ್ಷೇತ್ರದಮೆಟ್ಟಿಲು:

ಮೇಲಿನ ಇಬ್ಬರೂ ಉಪಯುಕ್ತವಾದದ್ದನ್ನೇ ಹೇಳಿದ್ದಾರೆ. ಆದರೆ ಹಾಸ್ಯಸಂಜೆ ಕೇಳಿ ಬೆಳೆದವರಿಗೆ ಅಲ್ಲಿ ಏನು ಬೇರೆಯಾಗಿ ಕಾಣುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ, ಎರಡಕ್ಕೂ ಹೋಗುವ ಅರವತ್ತು ದಾಟಿದವನಾಗಿ ನಾನು ಬರೆಯುತ್ತಿದ್ದೇನೆ.

ನಗೆಹಬ್ಬದ ಭಾಷಣಕಾರರು ಒಂದು ಪ್ರಸಂಗವನ್ನು ಎತ್ತಿಕೊಂಡರೆ ಹತ್ತು ನಿಮಿಷ ಅದರೊಳಗೇ ಓಡಾಡುತ್ತಾರೆ. ನಡುವೆ ಒಂದು ಗಾದೆ, ಒಂದು ವಚನ, ಬೀಚಿಯವರ ತಿಂಮ, ಕೊನೆಗೆ ಮನೆಗೆ ಕೊಂಡೊಯ್ಯಲು ನಾಲ್ಕು ಹಿತನುಡಿ. ಅಜ್ಜಿಯಿಂದ ಮೊಮ್ಮಗನವರೆಗೆ ಬಯಲಿನಲ್ಲಿ ಕೂತ ಸಾವಿರಾರು ಜನ ಒಂದೇ ಮಾತಿಗೆ ನಗಬೇಕಾದ್ದರಿಂದ ಆ ನಿಧಾನವೂ ಆ ಎಚ್ಚರವೂ ಬೇಕಾಗಿದ್ದವು. ಸ್ಟ್ಯಾಂಡ್‌ಅಪ್‌ನವರು ಹೆಚ್ಚಾಗಿ ನಾನು, ನನ್ನ ಅಪ್ಪ, ನನ್ನ ಆಫೀಸು ಎಂದು ತಮ್ಮ ಬದುಕನ್ನೇ ಮುಂದಿಟ್ಟುಕೊಳ್ಳುತ್ತಾರೆ, ಅರ್ಧ ನಿಮಿಷಕ್ಕೊಮ್ಮೆ ನಗು ಬರದಿದ್ದರೆ ಕಳವಳಗೊಳ್ಳುತ್ತಾರೆ, ಕೊನೆಗೆ ಯಾವ ಹಿತನುಡಿಯನ್ನೂ ಹೇಳದೆ ಇಳಿದುಹೋಗುತ್ತಾರೆ. ಮೊದಲ ಸಲ ನನಗೆ ಊಟದ ಕೊನೆಗೆ ಮಜ್ಜಿಗೆ ಬಡಿಸಲಿಲ್ಲವೇನೋ ಎಂಬಂತಾಗಿತ್ತು, ಈಗ ಅದೂ ರೂಢಿಯಾಗಿದೆ.

ಹಳೆಯದೆಲ್ಲ ಚಿನ್ನವಾಗಿತ್ತು ಎಂದು ನಾನು ಹೇಳಲಾರೆ. ಹಾಸ್ಯಸಂಜೆಗಳಲ್ಲಿ ಹೆಂಡತಿಯನ್ನು ಗೇಲಿ ಮಾಡುವ ಜೋಕುಗಳು ಅದೆಷ್ಟು ವರ್ಷ ಅದೇ ರಾಗದಲ್ಲಿ ಓಡಿದವೆಂದರೆ, ನನ್ನ ಮನೆಯಾಕೆ ಕೊನೆಕೊನೆಗೆ ಬರುವುದನ್ನೇ ಬಿಟ್ಟಿದ್ದಳು. ಈಗಿನ ಹೆಣ್ಣುಮಕ್ಕಳು ಮೈಕ್ ಹಿಡಿದು ಅದೇ ಮನೆ, ಅದೇ ಅಡುಗೆಕೋಣೆ, ಅದೇ ಗಂಡನನ್ನು ಇನ್ನೊಂದು ಕಡೆಯಿಂದ ತೋರಿಸುತ್ತಿದ್ದಾರೆ. ಇತ್ತೀಚೆಗೆ ಟಿಕೆಟ್ ತೆಗೆಯುವವಳು ಅವಳೇ.

ಆದರೆ ಮೇಷ್ಟ್ರ ಅಂಜಿಕೆಯನ್ನು ಸುಳ್ಳೆಂದು ತಳ್ಳಿಹಾಕಬೇಡಿ. ಉತ್ತರ ಕರ್ನಾಟಕದ ಮಾತನ್ನು ಬಾಯಿಯಲ್ಲಿ ತಿರುಚಿ ನಗೆ ಗಿಟ್ಟಿಸುವ ಚಾಳಿ ಬೆಂಗಳೂರಿನ ವೇದಿಕೆಗಳಲ್ಲಿ ಇವತ್ತಿಗೂ ಇದೆ. ಆದರೆ ನಾಡನ್ನೇ ನಗಿಸಿದ ಬೀಚಿಯವರೂ ಆ ಕಡೆಯವರೇ, 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಆ ಊರು ನಡುವೆ ಬಹಳ ವರ್ಷ ನಿಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಪ್ರಾಣೇಶರು ಗಂಗಾವತಿಯ ಸೀಮೆಯ ಮಾತನ್ನು ಒಂದಿಷ್ಟೂ ನಯಗೊಳಿಸದೆ ಬೆಂಗಳೂರಿಗೂ ತಂದರು. ಅಲ್ಲಿ ನಗಿಸುತ್ತಿದ್ದವನು ಆ ಮಾತಿನವನೇ, ನಗುತ್ತಿದ್ದವರು ಉಳಿದವರು. ಮೈಕ್ ಇರುವವನು ಮೈಕ್ ಇಲ್ಲದವನ ಉಚ್ಚಾರವನ್ನು ಅಣಕಿಸುವುದು ಅದೇ ಕೆಲಸವಲ್ಲ. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು "ಲಂಚಾವತಾರ"ದ ನಡುವೆ ನಾಟಕವನ್ನು ಪಕ್ಕಕ್ಕಿಟ್ಟು ಅಂದಂದಿನ ರಾಜಕೀಯದ ಬಗ್ಗೆ ಆಶುವಾಗಿ ಮಾತಿಗಿಳಿಯುತ್ತಿದ್ದರು. ಅವರು ಕುಟುಕುತ್ತಿದ್ದದ್ದು ಕುರ್ಚಿಯ ಮೇಲಿದ್ದವರನ್ನು. ಟಿಕೆಟ್ ತೆಗೆದುಕೊಂಡು ದೂರದೂರಿನಿಂದ ಬಂದವರನ್ನಲ್ಲ.

ಐದುನಿಮಿಷ:

ಹಿರಿಯರ ಕೊನೆಯ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ತಕರಾರು. ಉಚ್ಚಾರವನ್ನು ಅಣಕಿಸುವುದು ಸೋಮಾರಿ ಜೋಕು ಎಂಬುದರಲ್ಲಿ ಎರಡು ಮಾತಿಲ್ಲ, ನಮ್ಮಲ್ಲಿ ಅಂಥವನ್ನು ಬರೆಯುವವರ ಬಗ್ಗೆ ನಾವೇ ಹಿಂದೆ ಆಡಿಕೊಳ್ಳುತ್ತೇವೆ. ಆದರೆ ಎದುರು ಕೂತವರನ್ನು ಮುಟ್ಟಲೇಬಾರದು ಎಂದರೆ ನೇರ ಪ್ರದರ್ಶನಕ್ಕೂ ಯೂಟ್ಯೂಬಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೇಷ್ಟ್ರೊಬ್ಬರು ಸಿಕ್ಕರೆ ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಪಾಠ ಮಾಡುವುದು ಯಾವಾಗ ಎಂದು ನಾನು ಕೇಳುತ್ತೇನೆ. ಆಗ ಕೋಣೆಯಲ್ಲಿ ಮೊದಲು ನಗುವವರು ಮೇಷ್ಟ್ರೇ ಆಗಿರುತ್ತಾರೆ. ಇನ್ನೊಂದು ಮಾತು: ನಮ್ಮ ಬರವಣಿಗೆಯಲ್ಲಿ ಪಿಜಿ, ಸಿಲ್ಕ್ ಬೋರ್ಡ್, ಮ್ಯಾನೇಜರ್, ಆಟೊ ಈ ನಾಲ್ಕು ಹೆಚ್ಚು. ಊರಿನಿಂದ ಬರುವ ಇಬ್ಬರಿಗೆ ಅದರಲ್ಲಿ ಕೆಲವು ತಲುಪದೆ ಹೋಗಬಹುದು. ಅದು ಅವರ ಕೊರತೆಯಲ್ಲ, ನಮ್ಮದು.

ಬೆಣ್ಣೆದೋಸೆ:

ಎಲ್ಲರಿಗೂ ಧನ್ಯವಾದಗಳು. ಕಳೆದ ಶನಿವಾರ ಹೋಗಿಬಂದೆವು. ಹುಡುಗನನ್ನು ಬಿಟ್ಟು ಬಂದೆವು, ಅದು ಸರಿಯಾಯಿತು. ಮೇಷ್ಟ್ರನ್ನು ಗೋಡೆಯ ಪಕ್ಕ ಕೂರಿಸಿದ್ದರಿಂದ ಅವನ ತಂಟೆಗೆ ಯಾರೂ ಬರಲಿಲ್ಲ. ಗ್ಯಾರೇಜಿನವನನ್ನು ಎಷ್ಟೇ ತಡೆದರೂ ನಿರೂಪಕರು "ಬೆಂಗಳೂರಿನವರಲ್ಲದವರು ಯಾರಿದ್ದೀರಿ?" ಎಂದೊಡನೆ ಕೈಯೆತ್ತಿದ. ಏನು ಕೆಲಸ ಎಂದಾಗ ತಯಾರಿಸಿಟ್ಟುಕೊಂಡ ಜೋಕನ್ನು ಆರಂಭಿಸಿದ, ಅದು ಉದ್ದವಿತ್ತು. ನಿರೂಪಕರು ಅದನ್ನು ಪೂರ್ತಿಯಾಗಿ, ಕೈಕಟ್ಟಿಕೊಂಡು, ತಾಳ್ಮೆಯಿಂದ ಕೇಳಿಸಿಕೊಂಡು, "ಅಣ್ಣಾ, ಗಾಡಿ ಯಾವಾಗ ಸಿಗುತ್ತೆ ಅಂತ ಕೇಳಿದ್ರೂ ಹೀಗೇ ಹೇಳ್ತೀರಾ?" ಎಂದರು. ಕೋಣೆಯೆಲ್ಲ ನಕ್ಕಿತು, ನಮಗಂತೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು, ಏಕೆಂದರೆ ನಮ್ಮ ಗಾಡಿಗಳೆಲ್ಲ ಅವನ ಗ್ಯಾರೇಜಿನಲ್ಲಿ ಕೂತೆದ್ದು ಬಂದವೇ.

ಮುಖ್ಯ ಕಲಾವಿದರ ಒಂದೂಕಾಲು ಗಂಟೆಯಲ್ಲಿ ಆಫೀಸಿನ ಅಪ್ರೈಸಲ್ ಬಗ್ಗೆ ಹೇಳಿದ ಭಾಗ ಊರಿನಿಂದ ಬಂದ ಇಬ್ಬರಿಗೂ ಹತ್ತಲಿಲ್ಲ, ನಾವು ಮೂವರು ನಗುವಾಗ ಅವರು ನಮ್ಮ ಮುಖ ನೋಡುತ್ತಿದ್ದರು. ಮದುವೆ ಮನೆಯ ಫೋಟೊಗ್ರಾಫರ್ ಊಟಕ್ಕೆ ಕೂತವರ ಬಾಯಿಗೆ ಲೈಟ್ ಬಿಡುವ ಪ್ರಸಂಗಕ್ಕೆ ಮೇಷ್ಟ್ರು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಪಕ್ಕದಲ್ಲಿ ಗೆಳೆಯನ ಭುಜ ಅಲುಗಾಡುತ್ತಿರುವಾಗ ಮೊಬೈಲಿನಲ್ಲಿ ಮುಗುಳ್ನಗುವಷ್ಟರ ಮಾತಿಗೂ ಜೋರು ನಗು ಬರುತ್ತದೆ ಎಂಬುದು ನನಗೆ ಹೊಸದು. ಸ್ಥಳದ ಬಗ್ಗೆ ಒಂದು ಬೇಸರವಿದೆ: ಕುಡಿಯುವ ನೀರನ್ನು ಒಳಗೆ ಬಿಡದೆ, ಒಳಗಿನ ಬಾಟಲಿಗೆ ಹೊರಗಿನ ದುಪ್ಪಟ್ಟು ತೆಗೆದುಕೊಂಡರು.

ಮೇಷ್ಟ್ರು ಈಗ ಓಪನ್ ಮೈಕ್ ಹೇಗಿರುತ್ತದೆ ನೋಡಬೇಕು ಎನ್ನುತ್ತಿದ್ದಾನೆ. ಮಾತನಾಡದೆ ಸುಮ್ಮನೆ ನೋಡಲು ಬಿಡುತ್ತಾರೆಯೇ?

ಐದುನಿಮಿಷ:

ಖಂಡಿತ ಬಿಡುತ್ತಾರೆ, ನೋಡಲೆಂದೇ ಬರುವವರು ಸಿಗುವುದೇ ಅಪರೂಪ. ಹೆಚ್ಚಿನ ಕಡೆ ನೂರಿನ್ನೂರು ರೂಪಾಯಿ ಪ್ರವೇಶಧನ ಇರುತ್ತದೆ, ಕೆಲವು ಕೆಫೆಗಳಲ್ಲಿ ಅದರ ಬದಲು ಕಾಫಿಯನ್ನೋ ತಿಂಡಿಯನ್ನೋ ತೆಗೆದುಕೊಂಡರೆ ಸಾಕು. ಹತ್ತು ಹನ್ನೆರಡು ಜನ ನಾಲ್ಕೈದು ನಿಮಿಷದಂತೆ ಸರದಿಯಲ್ಲಿ ಬರುತ್ತಾರೆ. ಇಬ್ಬರು ಮೂವರು ಚೆನ್ನಾಗಿ ನಗಿಸಿದರೆ ಅದು ಒಳ್ಳೆಯ ಸಂಜೆ. ಉಳಿದವರು ಕಾಗದ ನೋಡಿಕೊಂಡು ತಡವರಿಸುವುದು, ನಡುವೆ ಮರೆತು ನಿಂತುಬಿಡುವುದು ಎಲ್ಲವೂ ಇರುತ್ತದೆ. ವಾರದ ನಡುವಿನ ದಿನ ಬನ್ನಿ, ಶನಿವಾರ ಭಾನುವಾರ ಆ ವೇದಿಕೆಗಳನ್ನು ದೊಡ್ಡವರಿಗೆ ಕೊಟ್ಟಿರುತ್ತಾರೆ. ಮೇಷ್ಟ್ರಿಗೆ ಬೇಸಿಗೆ ರಜೆ ಇರುವಾಗ ತಿಳಿಸಿ, ನನ್ನ ಸರದಿ ಯಾವ ದಿನವೆಂದು ಇಲ್ಲೇ ಹಾಕುತ್ತೇನೆ.